ಹೊನ್ನವ್ವನ ಸೋಮವಾರ

ಹಿರೇಬೆಂಡಿಗೇರಿಯ ನಮ್ಮ ಓಣಿಯಲ್ಲಿ ಆಶಾ ಕಾರ್ಯಕರ್ತೆ ಹೊನ್ನವ್ವನ ಬಾಯಿಗೆ ಅಂಜದವರಿಲ್ಲ. ಆದರೆ ಅವಳ ಕಿವಿ ಬಾಯಿಗಿಂತ ದೊಡ್ಡದು. ಕೊರೊನಾದ ಎರಡನೇ ಅಲೆಯಲ್ಲಿ ದವಾಖಾನೆಗೆ ಹೋದವರು ತಿರುಗಿ ಬರುವುದಿಲ್ಲವೆಂದು ಊರೇ ನಂಬಿತ್ತು. ಅವಳು ಮನೆಮನೆಗೆ ಹೋಗಿ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಅಂಗಳದಲ್ಲಿ ನಿಂತೇ ಎಲ್ಲರ ಹೆದರಿಕೆಯನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಆ ನಡುವೆ ಬಂಕಾಪುರದಲ್ಲಿ ಅವಳ ಅಣ್ಣ ಮಾಲತೇಶ ಅದೇ ಜ್ವರಕ್ಕೆ ತೀರಿಕೊಂಡ. ಮುಖ ನೋಡಲೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಆಶಾದವರ ಗುಲಾಬಿ ಸೀರೆ ಉಟ್ಟು ಕೆಲಸಕ್ಕೆ ಹೊರಟೇಬಿಟ್ಟಳು. ಗಟ್ಟಿ ಹೆಣ್ಣುಮಗಳು ಎಂದು ನಾವೆಲ್ಲ ಹೊಗಳಿದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಅತ್ತಳೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ.

ಇಪ್ಪತ್ತು ದಿನ ಬಿಡುವಿಲ್ಲದೆ ತಿರುಗಿದಳು. ನಿದ್ದೆ ಹೋಯಿತು, ಊಟ ಹೋಯಿತು, ಕಡೆಗೆ ತಾಳ್ಮೆಯೂ ಹೋಯಿತು. ಒಂದು ಭಾನುವಾರ ಸಂಜೆ, ನಮ್ಮ ಎದುರುಮನೆಯ ಭಾಗ್ಯಶ್ರೀ ಜ್ವರ ಮುಚ್ಚಿಟ್ಟದ್ದು ಗೊತ್ತಾಯಿತು. ಎಂಟು ತಿಂಗಳ ಬಸುರಿ ಅವಳು. ಹೊನ್ನವ್ವ ಓಣಿಗೆಲ್ಲ ಕೇಳುವಂತೆ ಬೈದಳು. ಸಾಯುವ ಆಸೆಯಿದ್ದರೆ ಸಾಯಿ ಎನ್ನುವವರೆಗೂ ಮಾತು ಹೋಯಿತು. ಹುಡುಗಿ ಒಳಗಿನಿಂದ ಚಿಲಕ ಹಾಕಿಕೊಂಡಳು, ಬೆರಳು ಕೊಡಲಿಲ್ಲ. ಒಳಗೆ ಎರಡು ಜೀವ. ಉಸಿರು ಎಷ್ಟಿದೆಯೋ ಯಾರಿಗೂ ತಿಳಿಯದು.

ಬೆಳಗಾಗುವುದೇ ತಡ, ಹೊನ್ನವ್ವ ಮತ್ತೆ ಹೊರಟಳು. ಹೊಸ್ತಿಲಲ್ಲಿ ಅವಳ ಮಾವ ಕರಿಬಸಪ್ಪ ಅಡ್ಡ ಕುಳಿತಿದ್ದರು. ಅಂದು ಸೋಮವಾರ. ನಮ್ಮ ಕಡೆ ಆ ದಿನ ಯಾರೂ ಎತ್ತು ಹೂಡುವುದಿಲ್ಲ; ಬಿತ್ತನೆಯ ಎಂಥ ಹದ ತಪ್ಪುವಂತಿದ್ದರೂ ಅದು ಬಸವಣ್ಣನ ದಿನ.

"ಯವ್ವಾ, ಎತ್ತಿಗೂ ಸ್ವಾಮಾರ ಐತಿ, ನಿನಗ್ಯಾಕ ಇಲ್ಲ? ಇದ ಸಿಟ್ಟಿನ್ಯಾಗ ಹ್ವಾದ್ರ ಆ ಹುಡುಗಿ ಬಾಗ್ಲಾ ತಗ್ಯಾಂಗಿಲ್ಲ. ಒಂದ್ ತಾಸು ಕುಂದ್ರು. ನಿಮ್ಮಣ್ಣಗ ಅಳು."

ಸೊಸೆಯ ಮುಂದೆ ಎರಡು ಮಾತು ಹೆಚ್ಚಿಗೆ ಆಡದ ಮನುಷ್ಯ ಅವರು. ಹೊನ್ನವ್ವ ಕಂಬಕ್ಕೆ ಒರಗಿ ಕುಳಿತಳು. ಅಣ್ಣನ ಹೆಸರು ಹಿಡಿದು, ಹಾಡಿಕೊಂಡು ಅತ್ತಳು. ಆಮೇಲೆ ಬಿಸಿನೀರು ಹೊಯ್ದುಕೊಂಡು, ಮಾವ ತಂದಿಟ್ಟ ರೊಟ್ಟಿ ಮೊಸರು ಉಂಡಳು. ಉಂಡವಳೇ ಭಾಗ್ಯಶ್ರೀಯ ಅಂಗಳಕ್ಕೆ ಹೋಗಿ ಕುಳಿತಳು. ಈ ಸಲ ಮಶಿನ್ನಿನ ಮಾತೇ ತೆಗೆಯಲಿಲ್ಲ.

"ಭಾಗ್ಯಾ, ನಿನ್ನಿ ಬೈದದ್ದು ನಿನ್ನ ಮ್ಯಾಲಿನ ಸಿಟ್ಟಲ್ಲವ್ವಾ. ನಮ್ಮಣ್ಣ ಜ್ವರಾ ಬಂದೈತಿ ಅಂತ ಮೊದಲ ನನಗ ಫೋನ್ ಮಾಡಿದ್ದ. ಒಂದಿನ ತಡಿ, ಕಡಿಮಿ ಆಕ್ಕೈತಿ ಅಂದಾಕಿ ನಾನ."

ಇದು ಅವಳ ಮಾವನಿಗೂ ಗೊತ್ತಿರಲಿಲ್ಲ. ಬಾಗಿಲ ಚಿಲಕ ಸರಿಯಿತು, ಒಂದು ಕೈ ಹೊರಗೆ ಬಂತು. ಮಶಿನ್ನು ತೊಂಬತ್ತೊಂದು ತೋರಿಸಿತು; ದವಾಖಾನೆಗೆ ಒಯ್ಯಲೇಬೇಕಾದಷ್ಟು ಕಡಿಮೆ.

ಹತ್ತು ದಿನದ ಮೇಲೆ ಭಾಗ್ಯಶ್ರೀ ದವಾಖಾನೆಯಿಂದ ಹೊಟ್ಟೆಯ ಕೂಸಿನೊಡನೆ ನೆಟ್ಟಗೆ ಮನೆಗೆ ಬಂದಳು. ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ಆ ಸೋಮವಾರವೇ. ಬಾಗಿಲ ಸಂದಿಯಲ್ಲಿ ನಿಂತು ಅವಳು, "ದವಾಖಾನಿಗೆ ಬರ್ತೇನ್ರೀ ಅಕ್ಕಾ, ನೀವು ಅಳಬ್ಯಾಡ್ರಿ" ಅಂದಳು.

"ಅಳ್ತೇನಿ ಬಿಡವಾ," ಎಂದು ಹೊನ್ನವ್ವ ಅಳುತ್ತಲೇ ಆಂಬುಲೆನ್ಸಿಗೆ ಫೋನು ಹಚ್ಚಿದಳು.