ಎಂಟು ನಿಮಿಷದ ನಾಯಕಿ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಶಿಗೆಕೊ ಮಿನೆಗಿಶಿ ಇನ್ನೊಮ್ಮೆ ಸಾಯಲು ತಯಾರಾಗಿ ಕುರ್ಚಿಯ ಮೇಲೆ ಕುಳಿತಿದ್ದರು. ಎಪ್ಪತ್ತೇಳು ವರ್ಷದ ಪುಟ್ಟ ದೇಹ, ಬೂದು ಸ್ವೆಟರು, ಮಡಿಲಲ್ಲಿ ಕೈಚೀಲ. ಎದೆಯ ಮೇಲಿನ ಚೀಟಿಯಲ್ಲಿ ಮಾತ್ರ ‘ಮಿಸೆಸ್ ಹಾರ್ಪರ್’ ಎಂದು ಬರೆದಿತ್ತು.

ಅದು ಪರ್ತ್ ನಗರದ ಒಂದು ಚಿಕ್ಕ ತರಬೇತಿ ಕೇಂದ್ರ. ಹೊರದೇಶಗಳಿಂದ ಬಂದ ಡಾಕ್ಟರುಗಳು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಬೇಕಾದರೆ ಬರೆಯುವ ಪರೀಕ್ಷೆಯ ಜೊತೆಗೆ ಇನ್ನೊಂದನ್ನೂ ದಾಟಬೇಕು. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬ ರೋಗಿ, ಒಬ್ಬೊಬ್ಬರಿಗೆ ಎಂಟು ನಿಮಿಷ. ರೋಗಿಗಳು ನಿಜವಾದವರಲ್ಲ, ನಟರು. ಈ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷಗಳಿಂದ ರೋಗಿಯ ಪಾತ್ರ ಮಾಡುತ್ತಿದ್ದವರು ಶಿಗೆಕೊ.

ಆ ಪರೀಕ್ಷೆಗೆ ತಯಾರಾಗುತ್ತಿದ್ದ ರುಕ್ಮಿಣಿ ಬಾಗಿಲು ತಟ್ಟಿ ಒಳಗೆ ಬಂದಳು.

“ಸ್ಕ್ಯಾನ್‌ನಲ್ಲಿ ಏನು ಬಂತು ಡಾಕ್ಟರ್?” ಎಂದರು ಮಿಸೆಸ್ ಹಾರ್ಪರ್.

ಏನು ಬಂದಿದೆಯೆಂದು ರುಕ್ಮಿಣಿಗೆ ಗೊತ್ತಿತ್ತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಕೈಮೀರಿದ್ದು. ಹೊರಗೆ ಅಂಟಿಸಿದ್ದ ಕಾಗದದಲ್ಲಿ ಅದನ್ನು ಎರಡು ಸಲ ಓದಿಕೊಂಡೇ ಬಂದಿದ್ದಳು.

“ನಿಮ್ಮ ಜೊತೆ ಯಾರು ಬಂದಿದ್ದಾರೆ?”

“ಮಗಳು ಹೊರಗಿದ್ದಾಳೆ.”

“ಒಳ್ಳೆಯದಾಯಿತು, ಅವರ ಹತ್ತಿರ ನಾನು ಮಾತಾಡುತ್ತೇನೆ. ನಿಮಗೆ ಹೊಟ್ಟೆಯಲ್ಲಿ ಸ್ವಲ್ಪ ಊತವಿದೆ, ಅಷ್ಟೆ. ಹೆದರಬೇಡಿ. ಚೆನ್ನಾಗಿ ಊಟ ಮಾಡಿ, ಧೈರ್ಯವಾಗಿರಿ.” ಹೇಳುತ್ತ ಹೇಳುತ್ತ ಅವಳ ಕೈ ತಾನಾಗಿಯೇ ಮುದುಕಿಯ ಕೈಯನ್ನು ಹಿಡಿದುಕೊಂಡಿತ್ತು.

ಶಿಗೆಕೊ ಅವಳನ್ನೇ ನೋಡಿದರು. ಆಮೇಲೆ, ಪಾತ್ರದಲ್ಲಿ ಎಲ್ಲೂ ಇಲ್ಲದ ಒಂದು ಮಾತು ಕೇಳಿದರು. “ಹಾಗಾದರೆ ಬರುವ ವರ್ಷ ತಂಗಿಯ ಊರಿಗೆ ಹೋಗಬಹುದಾ? ಈ ವರ್ಷ ತುಂಬಾ ಚಳಿ.”

“ಖಂಡಿತ. ಬರುವ ವರ್ಷವೇ ಹೋಗಿಬನ್ನಿ.”

ಗಂಟೆ ಹೊಡೆಯಿತು. ಮೂಲೆಯಲ್ಲಿ ಕುಳಿತು ನೋಡುತ್ತಿದ್ದ ತರಬೇತಿ ಕೊಡುವವರು ಹಾಳೆಯ ಮೇಲೆ ಒಂದು ಸೊನ್ನೆ ಬರೆದರು.

ಹೊರಗೆ ಕಾಫಿ ಮಿಷನ್ನಿನ ಹತ್ತಿರ ಮರ್ವಿನ್ ಕಾಯುತ್ತಿದ್ದ. ಕುಂದಾಪುರದ ಕಡೆಯ ಡಾಕ್ಟರು, ಕುವೈತಿನಲ್ಲಿ ಒಂಬತ್ತು ವರ್ಷ ಇದ್ದು ಬಂದವನು.

“ಎಂತದು ಮಾರಾಯ್ರೆ, ಕ್ಯಾನ್ಸರಿಗೆ ಊಟ ಬರೆದುಕೊಟ್ರಂತೆ?”

“ಸುಮ್ನಿರಿ ಮರ್ವಿನ್. ಬಾಯಿಗೆ ಬರಲ್ಲ ನಂಗೆ. ವಯಸ್ಸಾದವ್ರ ಮುಖ ನೋಡ್ಕೊಂಡು ಹೇಗೆ ಹೇಳ್ತಾರೆ ಅದನ್ನ?”

“ನನಗೆಂತ ಗೊತ್ತು? ಕುವೈತಿನಲ್ಲಿ ಕೆಟ್ಟ ಸುದ್ದಿಯೆಲ್ಲ ನಾನು ಹೇಳುದು, ಟ್ರಾನ್ಸ್‌ಲೇಟರ್ ಅಳುದು. ನಾನು ಬಚಾವ್.”

ರುಕ್ಮಿಣಿಗೆ ನಗು ಬಂತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪರೀಕ್ಷೆಯಲ್ಲಿ ಅವಳು ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ಅವಳನ್ನು ಕೆಳಗೆ ಕೆಡವಿದ್ದು ಇಂಥದೇ ಕೋಣೆ. ಹಾಸನದ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಡಾಕ್ಟರಾಗಿದ್ದವಳು ಈಗ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದಳು. ಗಂಡ ವಸಂತಕುಮಾರ್ ಉತ್ತರದ ಗಣಿಯೊಂದರಲ್ಲಿ ಎಂಜಿನಿಯರ್, ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಮೂರನೆಯ ಸಲವೂ ಆಗದಿದ್ದರೆ ಈ ಹಟ ಬಿಟ್ಟುಬಿಡುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದಳು. ಅವನೇನೂ ಕೇಳಿರಲಿಲ್ಲ. ಸುಸ್ತಾಗಿ ಅವಳೇ ಕೊಟ್ಟ ಮಾತು. ಪರೀಕ್ಷೆಗೆ ಇನ್ನು ಆರು ವಾರವಿತ್ತು.

ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಶಿಗೆಕೊ ಹೊರಗೆ ಬಂದವರು ಅವಳೆದುರು ನಿಂತರು.

“ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಜನ ಫೇಲಾಗಿದ್ದನ್ನು ನೋಡಿದ್ದೇನೆ. ಇಷ್ಟು ಪ್ರೀತಿಯಿಂದ ಫೇಲಾಗುವವರನ್ನು ನೋಡಿರಲಿಲ್ಲ. ನಾಳೆ ಮಧ್ಯಾಹ್ನ ನಮ್ಮ ಮನೆಗೆ ಬಾ, ಡಾಕ್ಟರ್.”

ಮರುದಿನ ರುಕ್ಮಿಣಿ ಹನ್ನೆರಡು ವರ್ಷದ ಮಗಳು ಅನನ್ಯಾಳನ್ನೂ ಕರೆದುಕೊಂಡು ಫ್ರೀಮ್ಯಾಂಟಲ್ ರೈಲು ಹತ್ತಿದಳು. ಬರಿಗೈಲಿ ಹೋಗಬಾರದೆಂದು ಡಬ್ಬಿಯಲ್ಲಿ ಕೋಡುಬಳೆ ಇಟ್ಟುಕೊಂಡಿದ್ದಳು. ಶಿಗೆಕೊ ಅವರ ಅಡುಗೆಮನೆಯ ಕಿಟಕಿಯಿಂದ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಅಂಥದೇ ಒಂದು ಕ್ರೇನಿನ ಮೇಲೆ ಕೆಲಸ ಮಾಡುತ್ತಿದ್ದ ಅವರ ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಗೋಡೆಯ ಮೇಲೆ ಒಂದು ಕಪ್ಪುಬಿಳುಪು ಫೋಟೊ, ಬಿಳಿ ಟೋಪಿಯ ಒಬ್ಬ ನರ್ಸ್.

“ನೀವಾ ಇದು? ನೀವು ಫೇಮಸ್ಸಾ?” ಎಂದು ಅನನ್ಯಾ ಇಂಗ್ಲಿಷಿನಲ್ಲಿ ಕೇಳಿದಳು.

“ನನ್ನ ತಲೆ ಫೇಮಸ್” ಎಂದರು ಶಿಗೆಕೊ, ಕೋಡುಬಳೆ ಮುರಿಯುತ್ತ.

ಹದಿನಾರನೇ ವಯಸ್ಸಿಗೆ ಅವರು ಜಪಾನಿನಲ್ಲಿ ಊರೂರು ತಿರುಗುವ ಒಂದು ನಾಟಕ ಕಂಪನಿ ಸೇರಿದ್ದರು. ದಪ್ಪ ದನಿ. ಹಾಗಾಗಿ ಇಪ್ಪತ್ತು ತುಂಬುವ ಮೊದಲೇ ಮುದುಕಿಯ ಪಾತ್ರಗಳು. ಸಿನಿಮಾಕ್ಕೆ ಹೋದರೆ ಅಲ್ಲಿ ಚಹಾ ತಂದಿಡುವವಳು, ಛತ್ರದ ಬಾಗಿಲು ತೆರೆಯುವವಳು. ಮೂವತ್ತೆಂಟು ಸಿನಿಮಾ. ಯಾವುದರಲ್ಲೂ ನಾಲ್ಕು ನಿಮಿಷಕ್ಕಿಂತ ಹೆಚ್ಚು ಅವರನ್ನು ಯಾರೂ ನೋಡಲಿಲ್ಲ. ಅದರಲ್ಲಿ ಹನ್ನೊಂದರಲ್ಲಿ ಅವರು ನರ್ಸ್. ಆಪರೇಷನ್ ಕೋಣೆಯಿಂದ ಹೊರಗೆ ಬಂದು ಕಾಯುತ್ತಿರುವ ಮನೆಯವರ ಮುಂದೆ ತಲೆ ಬಾಗಿಸುವ ನರ್ಸ್. ಮಾತಿಲ್ಲ. ತಲೆ ಬಾಗಿದ ಕೂಡಲೇ ಥಿಯೇಟರಿನಲ್ಲಿ ಕರವಸ್ತ್ರಗಳು ಹೊರಗೆ ಬರುತ್ತಿದ್ದವು. ಬೇರೆ ನಟಿಯರಿಂದ ಆ ಕೆಲಸ ಆಗುತ್ತಿರಲಿಲ್ಲ.

ಮಾಡಿ ತೋರಿಸಿದರು. ಮೊದಲು ಬಾಗಿಲಿನ ಹಿಡಿಯಿಂದ ಕೈ ಜಾರಿತು. ಕಣ್ಣು ಅಲ್ಲಿದ್ದವರಲ್ಲಿ ದೊಡ್ಡವರನ್ನು ಹುಡುಕಿತು. ಕೊನೆಗೆ ಕುತ್ತಿಗೆ, ಯಾರೋ ಮೇಲಿಂದ ನಿಧಾನವಾಗಿ ದಾರ ಬಿಟ್ಟಂತೆ. ಅನನ್ಯಾ ಬಾಯಲ್ಲಿದ್ದ ಕೋಡುಬಳೆಯನ್ನು ಅಗಿಯುವುದು ಮರೆತಳು.

“ಎಷ್ಟು ಚೆನ್ನಾಗಿ ಹೇಳಿಬಿಟ್ಟಿರಿ ಆಂಟಿ, ಒಂದು ಮಾತೂ ಇಲ್ಲದೆ” ಎಂದಳು ರುಕ್ಮಿಣಿ.

“ಯಾರಿಗೆ ಹೇಳಿದೆ? ಮನೆಯವರಿಗೆ. ಸಾಯುವವನು ಒಳಗೆ ಮಲಗಿದ್ದಾನೆ. ಅವನಿಗೆ ಹೇಳುವ ದೃಶ್ಯ ಒಂದು ಸಿನಿಮಾದಲ್ಲೂ ಇರಲಿಲ್ಲ.”

ಚಹಾ ಬಗ್ಗಿಸಿ ಶಿಗೆಕೊ ಕುಳಿತರು. ಅವರ ಅಮ್ಮನಿಗೆ ಹೊಟ್ಟೆಯ ಕ್ಯಾನ್ಸರ್ ಆದಾಗ ಡಾಕ್ಟರು ಅಣ್ಣಂದಿರನ್ನು ಹೊರಗೆ ಕರೆದು ಹೇಳಿದ್ದರು. ಅಲ್ಲಿ ಆಗ ಹಾಗೇ ನಡೆಯುತ್ತಿತ್ತು. ನೀನು ನಟಿ, ನೀನೇ ಅಮ್ಮನ ಹತ್ತಿರ ಇರು, ಬರೀ ಹುಣ್ಣು ಅಂತ ಹೇಳು ಎಂದರು ಅಣ್ಣಂದಿರು. ನಲವತ್ತು ದಿನ ಹಾಸಿಗೆಯ ಪಕ್ಕ ಕುಳಿತು ಶಿಗೆಕೊ ಹಾಗೇ ಹೇಳಿದರು. ಅಷ್ಟು ಉದ್ದದ ಪಾತ್ರ ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲ.

“ಅಮ್ಮ ಹೋದಮೇಲೆ ಪಕ್ಕದ ಮನೆಯಾಕೆ ಒಂದು ಗಂಟು ತಂದುಕೊಟ್ಟಳು. ತಾನು ಸತ್ತ ಮೇಲೆ ಉಡಿಸಬೇಕಾದ ಬಟ್ಟೆ. ಅಮ್ಮ ಎರಡು ತಿಂಗಳ ಹಿಂದೆಯೇ ಹೊಲಿಸಿಟ್ಟಿದ್ದಳು. ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ನನಗೆ ಬೇಜಾರಾಗದಿರಲಿ ಅಂತ ನಲವತ್ತು ದಿನ ಅವಳೂ ನಟಿಸಿದಳು.” ತಮ್ಮ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸುತ್ತ ಹೇಳಿದರು, “ಇಬ್ಬರೂ ಚೆನ್ನಾಗಿಯೇ ಮಾಡಿದೆವು. ಆದರೆ ಆ ನಲವತ್ತು ದಿನದಲ್ಲಿ ಅಮ್ಮನೂ ನಾನೂ ಒಂದೇ ಒಂದು ನಿಜ ಮಾತಾಡಲಿಲ್ಲ.”

ರುಕ್ಮಿಣಿಯ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಅವಳಿಗೆ ಸಿದ್ದಲಿಂಗಯ್ಯ ನೆನಪಾದರು. ಅವಳ ತಾಲ್ಲೂಕು ಆಸ್ಪತ್ರೆಗೆ ಬಂದಿದ್ದ ರಿಟೈರಾದ ಬಸ್ ಕಂಡಕ್ಟರು. ಅವರ ಮಗನಿಗೆ ನಿಜ ಹೇಳಿ, ಅವರಿಗೆ ಬರೀ ಗ್ಯಾಸ್ಟ್ರಿಕ್ ಎಂದಿದ್ದಳು. ಅವರು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ್ದರು: “ತಮ್ಮನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ ಆಯ್ತು ಕಣವ್ವ. ಈಗ್ಲೇ ಹೋಗಿ ಬರ್ಲೋ, ದೀಪಾವಳಿ ಕಳೀಲೋ?” ಅವಳು ನಗುತ್ತ ಹೇಳಿದ್ದಳು: “ಅವಸರ ಏನಿದೆ ಯಜಮಾನ್ರೆ, ಹಬ್ಬ ಮುಗಿಸ್ಕೊಂಡೇ ಹೋಗಿ.” ದೀಪಾವಳಿಗೆ ಅವರು ಇರಲಿಲ್ಲ. ನಿನ್ನೆ ಮಿಸೆಸ್ ಹಾರ್ಪರ್ ತಂಗಿಯ ಊರಿನ ಮಾತು ಕೇಳಿದಾಗ ಅವಳು ಕೊಟ್ಟದ್ದು ಅದೇ ಉತ್ತರ.

ಆಮೇಲೆ ಪ್ರತಿ ಭಾನುವಾರ ಅದೇ ಅಡುಗೆಮನೆ ಮೇಜಿನ ಎರಡು ಕಡೆ ಇಬ್ಬರೂ ಕುಳಿತರು. ಮೊದಲೆರಡು ವಾರ ‘ಕ್ಯಾನ್ಸರ್’ ಎಂಬ ಪದ ರುಕ್ಮಿಣಿಯ ಗಂಟಲಲ್ಲೇ ಉಳಿಯಿತು. ಮೂರನೆಯ ವಾರ ಹೊರಗೆ ಬಂತು. ಬಂದದ್ದೇ ತಡ, ಅದನ್ನು ಮುಚ್ಚಲು ಹಿಂದೆಯೇ ಹತ್ತು ಮಾತು ಓಡಿಬಂದವು.

“ನಿಲ್ಲಿಸು” ಎಂದರು ಶಿಗೆಕೊ. “ಹೇಳಿದ ಮೇಲೆ ಸುಮ್ಮನಿರು. ಈಗ ದೃಶ್ಯ ನನ್ನದು. ಜಪಾನಿನಲ್ಲಿ ಯಾರೂ ನನಗೆ ಕೊಡದ ಮುಖ್ಯ ಪಾತ್ರ ಈ ಎಂಟು ನಿಮಿಷದಲ್ಲಿ ಸಿಕ್ಕಿದೆ. ನನ್ನ ಸಾವಿನಲ್ಲಾದರೂ ನನಗೆ ಮಾತಾಡಲು ಬಿಡು.”

“ಕೈ ಹಿಡ್ಕೋಬಹುದಾ ಆಂಟಿ?”

“ಕೇಳಿ ಹಿಡಿದುಕೋ. ಅದೊಂದು ನಿನಗೆ ಮೊದಲಿನಿಂದಲೂ ಬರುತ್ತದೆ.”

ಪರೀಕ್ಷೆಯ ದಿನ ಆರನೆಯ ಕೋಣೆಯಲ್ಲಿ ಕುಳಿತಿದ್ದವನು ಕೆಂಪು ಗಡ್ಡದ ಒಬ್ಬ ಲಾರಿ ಡ್ರೈವರ್, ಅಂದರೆ ಅವನ ಪಾತ್ರ ಮಾಡುವವನು. ರುಕ್ಮಿಣಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ನಿಮಗೆ ಎಷ್ಟು ತಿಳಿಯಬೇಕು ಎಂದು ಅವನನ್ನೇ ಕೇಳಿದಳು. ಎಲ್ಲ ಎಂದ. ಹೇಳಿದಳು, ಸುಮ್ಮನಾದಳು. ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ಬಂದಿರಬೇಕು. ಅವನು ಮೆಲ್ಲಗೆ, “ಅಣ್ಣನಿಗೆ ಫೋನ್ ಮಾಡಬೇಕು, ಮಾತಾಡಿ ತುಂಬಾ ದಿನ ಆಯಿತು” ಎಂದ.

“ಇವತ್ತೇ ಮಾಡಿ” ಎಂದಳು ರುಕ್ಮಿಣಿ.

ನಾಲ್ಕು ವಾರದ ಮೇಲೆ ಒಂದು ಮಧ್ಯಾಹ್ನ ಫಲಿತಾಂಶ ಬಂತು. ಓದಿದವಳು ಯಾರಿಗೂ ಫೋನ್ ಮಾಡಲಿಲ್ಲ. ಅನನ್ಯಾಳನ್ನು ಶಾಲೆಯಿಂದ ನೇರ ಕರೆದುಕೊಂಡು ಫ್ರೀಮ್ಯಾಂಟಲ್ ರೈಲು ಹತ್ತಿದಳು.

ಶಿಗೆಕೊ ಬಾಗಿಲು ತೆರೆದರು. ರುಕ್ಮಿಣಿ ಗೇಟಿನ ಹಿಡಿಯಿಂದ ಕೈ ತೆಗೆದಳು, ಅವರ ಮುಖ ನೋಡಿದಳು, ನಿಧಾನವಾಗಿ ತಲೆ ಬಾಗಿಸಿದಳು.

ಮುದುಕಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತರು.

“ಕುತ್ತಿಗೆ ತುಂಬಾ ಬೇಗ ಬಾಗಿತು” ಎಂದರು. “ಮತ್ತೆ ಹಿಂದೆ ನಿಂತ ನಿನ್ನ ಮಗಳು ನಗುತ್ತಿದ್ದಾಳೆ.”

ಅನನ್ಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಬಾಯಿಬಿಟ್ಟು ಹೇಳು, ಡಾಕ್ಟರ್. ಆರು ವಾರ ನಾನು ಹೇಳಿಕೊಟ್ಟದ್ದು ಏನು?”

ರುಕ್ಮಿಣಿ ತಲೆಯೆತ್ತಿದಳು. ಎದುರಿನ ಮುಖವನ್ನು ನೇರವಾಗಿ ನೋಡಿ, “ಪಾಸಾದೆ ಆಂಟಿ” ಎಂದಳು. ಆಮೇಲೆ ಕಲಿತ ಪಾಠದಂತೆ ಸುಮ್ಮನೆ ನಿಂತಳು. ಶಿಗೆಕೊ ಸ್ವೆಟರಿನ ತೋಳಿನೊಳಗಿಂದ ಕರವಸ್ತ್ರ ಹೊರಗೆಳೆದರು.