ನಾಲ್ಕು ದಿನ ಕೂಡಿಟ್ಟ ದನಿ

ನಮ್ಮ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದ ಮೇಡಂ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಯಜಮಾನರು ತೀರಿಕೊಂಡ ಮೇಲೆ ಅವರ ಜಾಗದಲ್ಲಿ ನನ್ನನ್ನು ಅಟೆಂಡರ್ ಮಾಡಿಕೊಂಡರು. ಇಪ್ಪತ್ತಾರು ವರ್ಷ ಗಂಟೆ ಹೊಡೆದೆ, ಚಹಾ ಕೊಟ್ಟೆ, ಫೈಲು ಹೊತ್ತೆ. ಫೈಲು ಹೊರುವವಳಿಗೆ ಎಲ್ಲರ ವಿಷಯವೂ ಅಷ್ಟಿಷ್ಟು ಗೊತ್ತಿರುತ್ತದೆ.

ಮೇಡಂ ತಂದೆ ಬಸ್ ಕಂಡಕ್ಟರ್. "ಕೂಗೋದು ನಮ್ಮ ಮನೆತನದ ಆಸ್ತಿ ಅಕ್ಕ" ಎನ್ನುತ್ತಿದ್ದರು. ಅವರಿಗೆ ಸಿಕ್ಕಿದ್ದು ಒಂಬತ್ತನೇ ನಂಬರಿನ ಕೋಣೆ. ಒಳಗೆ ನೂರಹತ್ತು ಮಕ್ಕಳು, ಕಿಟಕಿಯಾಚೆ ಲಾರಿ ರಿಪೇರಿ ಶೆಡ್ಡು. ಒಮ್ಮೆ ಮೈಕು ಹಾಕಿಸಿದರು. ಅದು ಕೀರಲು ದನಿಯಲ್ಲಿ ಕೂಗಿ ಮಕ್ಕಳನ್ನು ನಗಿಸಿತೇ ಹೊರತು ಬೇರೇನೂ ಮಾಡಲಿಲ್ಲ, ಬೀರು ಸೇರಿತು. ಮೇಡಂಗೆ ಅದು ಬೇಕೂ ಇರಲಿಲ್ಲ. ಮೆಟ್ಟಿಲ ಕೆಳಗೆ ನೀರು ತುಂಬಿಸುತ್ತಿದ್ದ ನನಗೂ ಗಾಳಿ ಸಮುದ್ರದಿಂದ ನೆಲಕ್ಕೆ ಯಾವಾಗ ಬೀಸುತ್ತದೆ, ನೆಲದಿಂದ ಸಮುದ್ರಕ್ಕೆ ಯಾವಾಗ ಬೀಸುತ್ತದೆ ಎನ್ನುವುದು ಬಾಯಿಪಾಠವಾಗಿತ್ತು. ಮೇಡಂ ಮನೆಗೆ ಹೋದರೆ ಅವರ ಅತ್ತೆಗೆ ಕಿವಿ ಮಂದ, ಅಲ್ಲಿಯೂ ಕೂಗಬೇಕು. ಹೀಗೆ ಹತ್ತೊಂಬತ್ತು ವರ್ಷ ನಡೆಯಿತು.

ಇಪ್ಪತ್ತನೇ ವರ್ಷ ದನಿ ಕೈಕೊಟ್ಟಿತು. ಬೆಳಗಿನ ಮೊದಲ ಪಾಠಕ್ಕೆ ಸರಿ ಇರುತ್ತಿತ್ತು, ಎರಡನೆಯದಕ್ಕೆ ಗೊರಗೊರ, ನಾಲ್ಕನೆಯದಕ್ಕೆ ತುಟಿ ಮಾತ್ರ ಆಡುತ್ತಿತ್ತು. ಡಾಕ್ಟರು ನೋಡಿ, ಗಂಟಲಿನಲ್ಲಿ ಏನೂ ಇಲ್ಲ, ಬಳಸುವ ರೀತಿಯೇ ತಪ್ಪು ಎಂದು ಬರೆದುಕೊಟ್ಟರು. ಪ್ರಿನ್ಸಿಪಾಲರು ಕರೆಸಿ, "ಮುಂದಿನ ವರ್ಷದಿಂದ ಪಾಠ ಬೇಡ ಮೇಡಂ, ಪರೀಕ್ಷಾ ವಿಭಾಗ ನೋಡ್ಕೊಳ್ಳಿ. ಅಲ್ಲಿ ಮಾತಾಡೋ ಕೆಲಸ ಇಲ್ಲ" ಎಂದರು. ಉಪಕಾರವೆಂದೇ ಹೇಳಿದ್ದು ಅವರು.

ಮೇಡಂ ಹೊರಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತರು. "ಅಂಕಪಟ್ಟಿಗೆ ಸೀಲು ಹೊಡಿಯೋಕೆ ನಾನು ಭೂಗೋಳ ಓದಿದ್ನಾ ಅಕ್ಕ?"

"ಸೀಲು ಹೊಡಿಯೋದು ನನ್ನ ಕೆಲಸ. ಅದಕ್ಕೂ ಬರ್ತೀರಾ ನೀವು?" ಎಂದೆ. ನಗಲಿಲ್ಲ ಅವರು.

ದೂರದ ಒಂದು ಊರಿನಲ್ಲಿ ಪಾಠ ಮಾಡುವವರಿಗೆ ದನಿ ಬಳಸುವುದನ್ನು ಕಲಿಸುವ ಹನ್ನೆರಡು ದಿನದ ತರಬೇತಿ ಇದೆ ಎಂದು ಡಾಕ್ಟರೇ ಹೇಳಿದ್ದರಂತೆ. ಅಧ್ಯಾಪಕರು ಹೊಸದು ಕಲಿತು ಬರಲೆಂದು ನಮ್ಮ ಕಾಲೇಜು ತಾನೇ ವರ್ಷಕ್ಕೊಮ್ಮೆ ಅನುದಾನ ಕೊಡುತ್ತಿತ್ತು. ಮೇಡಂ ಅದಕ್ಕೆ ಅರ್ಜಿ ಬರೆದರು. ಆಫೀಸಿನ ಗುಮಾಸ್ತರು, "ಇದು ಕಾಯಿಲೆ ವಿಷಯ, ಆರೋಗ್ಯ ನಿಧಿಗೆ ಹಾಕಿ" ಎಂದು ಹಿಂದಕ್ಕೆ ಕಳಿಸಿದರು. ಆರೋಗ್ಯ ನಿಧಿಯವರು, "ಕಾಯಿಲೆ ಅಂತ ಡಾಕ್ಟರೇ ಬರೆದಿಲ್ವಲ್ಲ" ಎಂದು ಮತ್ತೆ ಗುಮಾಸ್ತರ ಹತ್ತಿರವೇ ಕಳಿಸಿದರು. ಮೂರು ಸಲ ಆ ಫೈಲು ಹೊತ್ತು ಮಹಡಿ ಹತ್ತಿಳಿದೆ. "ಮೊದ್ಲು ನನ್ನ ಮೊಣಕಾಲಿಗೆ ಅನುದಾನ ಕೊಡಿ ಸ್ವಾಮಿ" ಎಂದು ಗುಮಾಸ್ತರಿಗೆ ಹೇಳಿಯೇ ಬಿಟ್ಟೆ. ಕೊನೆಗೆ ಪ್ರಿನ್ಸಿಪಾಲರು, ಸಮಿತಿಯ ಮುಂದೆ ಬಂದು ಹತ್ತು ನಿಮಿಷ ಮಾತಾಡಲಿ, ಅಲ್ಲಿಯೇ ತೀರ್ಮಾನ ಮಾಡೋಣ ಎಂದರು.

ಇಲ್ಲಿ ಮೇಡಂ ಒಂದು ಯಡವಟ್ಟು ಮಾಡಿಕೊಂಡರು. ಪಾಠಕ್ಕಾಗಲಿ ಪರೀಕ್ಷೆಗಾಗಲಿ ತಯಾರಿ ಇಲ್ಲದೆ ಹೋದ ಹೆಂಗಸಲ್ಲ ಅವರು. ಸಮಿತಿಯ ಮುಂದೆ ದನಿ ಒಡೆದರೆ ಮರ್ಯಾದೆ ಏನಾದೀತು ಎಂದು, ಎರಡು ದಿನ ರಜೆ ಹಾಕಿ, ಅದಕ್ಕೆ ಶನಿವಾರ ಭಾನುವಾರ ಸೇರಿಸಿ, ನಾಲ್ಕು ದಿನ ಬಾಯಿಯನ್ನೇ ಬಿಡಲಿಲ್ಲ. ಬಿಸಿನೀರು ಕುಡಿಯುವುದು, ಮಾತು ಬೇಕಾದರೆ ಚೀಟಿ ಬರೆಯುವುದು. ಅತ್ತೆಗೆ ಕನ್ನಡಕ ಸಿಗುವಷ್ಟರಲ್ಲಿ ಸಿಟ್ಟು ಬಂದಿರುತ್ತಿತ್ತು. "ನನ್ನ ಜೊತೆ ಮಾತು ಬಿಟ್ಟಿದ್ದೀಯೇನೇ? ನಾನೇನಂದೆ ನಿಂಗೆ?" ಎಂದು ಮುನಿಸಿಕೊಂಡು, ಮಗಳ ಮನೆಗೆ ಹೊರಡುತ್ತೇನೆಂದು ಚೀಲವನ್ನೂ ತುಂಬಿಸಿದ್ದರಂತೆ.

ಸೋಮವಾರ ಸಮಿತಿ ಸೇರಿತು. ಪ್ರಿನ್ಸಿಪಾಲರು, ಲೈಬ್ರರಿಯಮ್ಮ, ಅರ್ಥಶಾಸ್ತ್ರದ ಮೇಷ್ಟ್ರು. ಯಾವ ಕಾಗದ ಕಂಡರೂ ಏನಾದರೊಂದು ಕೊಕ್ಕೆ ಹಾಕುತ್ತಿದ್ದುದರಿಂದ ನಾವೆಲ್ಲ ಅವರನ್ನು ಕೊಕ್ಕೆ ಮೇಷ್ಟ್ರು ಎನ್ನುತ್ತಿದ್ದೆವು. ನಾನು ಚಹಾ ಇಡುತ್ತಿದ್ದೆ. ಮೇಡಂ ಬಾಯಿ ತೆರೆದರು. ಹಳೆಯ ದನಿ, ಖಣಖಣ ಎನ್ನುವ ದನಿ. ಹತ್ತು ನಿಮಿಷವೂ ಒಂದೆಳೆ ಬಿರುಕಿಲ್ಲ. ಕೆಟ್ಟಿತಲ್ಲ ಕೆಲಸ ಎಂದುಕೊಂಡೆ ನಾನು.

"ದನಿ ನಮ್ಮೆಲ್ಲರಿಗಿಂತ ಗಟ್ಟಿಯಾಗಿದೆಯಲ್ಲ ಮೇಡಂ" ಎಂದರು ಕೊಕ್ಕೆ ಮೇಷ್ಟ್ರು. "ಇದಕ್ಯಾಕೆ ತರಬೇತಿ?"

"ಇದು ನಾಲ್ಕು ದಿನ ಕೂಡಿಟ್ಟಿದ್ದು ಸರ್."

"ಕೂಡಿಟ್ಟರೆ ಸಾಕಾಗುತ್ತೆ ಅಂತಾಯ್ತಲ್ಲ."

ಪ್ರಿನ್ಸಿಪಾಲರು ಫೈಲು ಮುಚ್ಚಿ, ವಾರದೊಳಗೆ ತಿಳಿಸುತ್ತೇವೆ ಎಂದರು. ಹಾಗೆಂದರೆ ಏನರ್ಥ ಎನ್ನುವುದು ನನಗೂ ಗೊತ್ತು.

"ಒಂದೆರಡು ಸಲ ಕೆಮ್ಮೋಕಾಗ್ಲಿಲ್ವಾ ನಿಮಗೆ?" ಎಂದು ವರಾಂಡದಲ್ಲಿ ರೇಗಿದೆ.

"ನಾಟಕ ಆಡಿ ಸೋತಿದ್ರೆ ಇನ್ನೂ ನಾಚಿಕೆ ಅಕ್ಕ" ಎಂದವರೇ ಒಂದು ಹಾಳೆ ಹರಿದು ಮೂರು ಚೀಟಿ ಬರೆದರು. ಗುರುವಾರ ತಮಗೆ ಸಾಲಾಗಿ ನಾಲ್ಕು ಪಾಠಗಳಿವೆ, ನಾಲ್ಕನೆಯದಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಕೂರಬೇಕು ಎಂದು. ಮೂರನ್ನೂ ನಾನೇ ತಲುಪಿಸಿದೆ. ಪ್ರಿನ್ಸಿಪಾಲರಿಗೆ ಮೀಟಿಂಗು, ಲೈಬ್ರರಿಯಮ್ಮನಿಗೆ ನೆಗಡಿ. ಬಂದವರು ಕೊಕ್ಕೆ ಮೇಷ್ಟ್ರು ಒಬ್ಬರೇ.

ನಾನು ಬಾಗಿಲ ಹೊರಗೆ ನಿಂತು ನೋಡಿದೆ. ಮೇಡಂ ದನಿ ಮುಂದಿನ ಎರಡು ಸಾಲು ದಾಟುತ್ತಿರಲಿಲ್ಲ. ಆದರೂ ಕೋಣೆಯಲ್ಲಿ ಗಲಾಟೆ ಇಲ್ಲ. ಮುಂದಿನವರು ಒಂದು ವಾಕ್ಯ ಕೇಳಿ ಹಿಂದಕ್ಕೆ ತಿರುಗಿ ಹೇಳುತ್ತಿದ್ದರು, ನಡುವಿನವರು ಅದನ್ನು ತಮ್ಮ ಹಿಂದಿನವರಿಗೆ ದಾಟಿಸುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಮಕ್ಕಳೇ ಮಾಡಿಕೊಂಡಿದ್ದ ಏರ್ಪಾಡು. ನಡುವೆ ಮೇಡಂ ಏನೋ ತಮಾಷೆ ಹೇಳಿದರು. ಮೊದಲು ಮುಂದಿನ ಬೆಂಚು ನಕ್ಕಿತು. ಸ್ವಲ್ಪ ಹೊತ್ತಿಗೆ ನಡುವಿನವರು ನಕ್ಕರು. ಅವರ ನಗು ನಿಂತ ಮೇಲೆ ಕೊನೆಯ ಬೆಂಚು, ಅದರ ಜೊತೆ ಕೊಕ್ಕೆ ಮೇಷ್ಟ್ರು. ಅಷ್ಟರಲ್ಲಿ ಮೇಡಂ ಕಪ್ಪುಹಲಗೆಯ ಮೇಲೆ ಅರ್ಧ ನಕ್ಷೆ ಬರೆದಾಗಿತ್ತು. ಮೇಷ್ಟ್ರ ನಗು ಅಲ್ಲೇ ನಿಂತಿತು. ಗಂಟೆ ಹೊಡೆಯುವವರೆಗೂ ಕೂತಿದ್ದು ಎದ್ದು ಹೋದರು.

ಮಧ್ಯಾಹ್ನ ಮೇಷ್ಟ್ರು ಫೈಲು ತರಲು ಹೇಳಿ ಕಳಿಸಿದರು. ಪ್ರಿನ್ಸಿಪಾಲರ ಕೋಣೆಗೆ ಹೋಗುವ ದಾರಿಯಲ್ಲಿ ಅವರು ಬರೆದದ್ದನ್ನು ಅಕ್ಷರ ಕೂಡಿಸಿಕೊಂಡು ಓದಿದೆ. ತಪ್ಪೇ, ಆದರೂ ಓದಿದೆ. "ಕೊನೆಯ ಬೆಂಚಿಗೆ ಪಾಠ ಮೂರನೇ ಬಾಯಿಂದ ಬರುತ್ತಿದೆ. ಇದು ಕಾಯಿಲೆಯಲ್ಲ, ಕೆಲಸದ ತೊಂದರೆ. ಅನುದಾನ ಕೊಡಬಹುದು. ಕಲಿತು ಬಂದು ಉಳಿದವರಿಗೂ ಕಲಿಸತಕ್ಕದ್ದು." ಕೊನೆಗೂ ಒಂದು ಕೊಕ್ಕೆ ಇಲ್ಲದೆ ಬಿಡಲಿಲ್ಲ ಪುಣ್ಯಾತ್ಮ.

ಮೇಡಂ ಹೋಗಿ ಹನ್ನೆರಡು ದಿನ ಕಲಿತು ಬಂದರು. ಆ ಖಣಖಣ ಮರಳಲಿಲ್ಲ. ದನಿ ಒಂದು ಮೆಟ್ಟಿಲು ಕೆಳಗಿಳಿದು ನಿಂತಿತು, ಆದರೆ ಕೊನೆಯ ಗೋಡೆ ಮುಟ್ಟುತ್ತಿತ್ತು, ಸಂಜೆಯವರೆಗೂ ಉಳಿಯುತ್ತಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎನ್ನುವುದರಲ್ಲೇ ಎಲ್ಲ ಇದೆ ಎನ್ನುತ್ತಿದ್ದರು. ಶರತ್ತಿನಂತೆ ಉಳಿದವರಿಗೂ ಕಲಿಸಿದರು. ಸ್ಟಾಫ್ ರೂಮಿನ ನೆಲದ ಮೇಲೆ ಚಾಪೆ ಹಾಸಿ, ಹೊಟ್ಟೆಯ ಮೇಲೊಂದು ಪುಸ್ತಕ ಇಟ್ಟುಕೊಂಡು ದೊಡ್ಡ ದೊಡ್ಡ ಮೇಷ್ಟ್ರುಗಳೆಲ್ಲ ಅಂಗಾತ ಮಲಗಿ ಉಸಿರಾಡುತ್ತಿದ್ದರು. ಚಹಾ ತಂದ ನಾನು ಕಾಲಿಡಲು ಜಾಗ ಹುಡುಕಬೇಕಿತ್ತು.

ಹೊಸ ವರ್ಷದ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದ್ದು ನಾನೇ. ಅಂಟು ಒಣಗುವ ಮೊದಲೇ ಮೇಡಂ ಬಂದು ನಿಂತರು. ತಮ್ಮ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಪಾಠ ಎಣಿಸಿದರು. ಆಮೇಲೆ ಮತ್ತೊಮ್ಮೆ ಎಣಿಸಿದರು.

"ಹದಿನಾರು ಅಕ್ಕ" ಎಂದರು. "ಒಂದೂ ಕಮ್ಮಿ ಮಾಡಿಲ್ಲ."

"ಬೆರಳು ತೆಗೀರಿ, ಅಂಟು ಇನ್ನೂ ಹಸಿ" ಎಂದೆ ನಾನು.