ಆರ್ಥರ್ ವೆಲ್ಬಿಯ ಪ್ಲೇಟು, ಬಿಲ್ಕಿಸಳ ಕಿವಿ

ಆಕ್ಲೆಂಡ್ ನಗರದ ಪೆನ್‌ರೋಸಿನ ಗೋದಾಮುಗಳ ಸಾಲಿನಲ್ಲಿ, ಟೈರ್ ಅಂಗಡಿಯೊಂದರ ಮಗ್ಗುಲಿಗೆ ಒಂದು ಚಿಕ್ಕ ವರ್ಕ್‌ಶಾಪ್ ಇದೆ. ಹಳೆಯ ಟೇಪು, ಗ್ರಾಮಫೋನ್ ಪ್ಲೇಟುಗಳಲ್ಲಿರುವ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಜಾಗ ಅದು. ನಡೆಸುವವರು ಮೈಸೂರಿನ ಉದಯಶಂಕರ್. ಪ್ಲೇಟು ತೊಳೆಯುವುದು, ಸೂಜಿ ಇಡುವುದು, ಎತ್ತುವುದು, ಕೇಳಿ ತಿದ್ದುವುದು ಇವೆಲ್ಲ ಬಿಲ್ಕಿಸಳ ಕೆಲಸ.

ಬಿಲ್ಕಿಸ್ ರಾಣೆಬೆನ್ನೂರಿನವಳು. ಅಪ್ಪ ಹಾರೂನ್ ಸಾಹೇಬರದು ರೇಡಿಯೋ ರಿಪೇರಿ ಅಂಗಡಿ. ದಿನಾ ಶಾಲೆ ಬಿಟ್ಟ ಮೇಲೆ ಅವಳು ಅಲ್ಲೇ ಕೂತು ಬೆಸುಗೆ ಹಾಕುವುದನ್ನು ಕಲಿತಳು, ಮುಂದೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದಳು. ಅಪ್ಪನಿಗೆ ಐವತ್ತು ದಾಟುತ್ತಿದ್ದಂತೆ ಕಿವಿ ಕೈಕೊಟ್ಟಿತು. ಸ್ಕ್ರೂ ಡ್ರೈವರಿನ ತುದಿಯನ್ನು ರೇಡಿಯೋಕ್ಕೆ ತಾಗಿಸಿ, ಹಿಡಿಯನ್ನು ಹಲ್ಲಿಗೆ ಕಚ್ಚಿಕೊಂಡು ದನಿ ಬರುತ್ತಿದೆಯೋ ಇಲ್ಲವೋ ನೋಡುತ್ತಿದ್ದರು. ಗಿರಾಕಿಗಳು ಮುಸಿಮುಸಿ ನಕ್ಕರು, ಆಮೇಲೆ ಬರುವುದನ್ನೇ ಬಿಟ್ಟರು. ಕೊನೆಗೆ ಅಂಗಡಿಯ ಬಾಗಿಲು ಹಾಕಬೇಕಾಯಿತು.

ಮದುವೆಯಾಗಿ ಗಂಡ ಸಲೀಮನ ಜೊತೆ ಆಕ್ಲೆಂಡಿಗೆ ಬಂದ ಮೇಲೆ ಬಿಲ್ಕಿಸ್ ಮೊದಲು ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ಡಬ್ಬಿ ಕಟ್ಟುತ್ತಿದ್ದಳು. ಉದಯಶಂಕರ್ ಪರಿಚಯವಾಗಿ ಈ ಕೆಲಸಕ್ಕೆ ಕರೆದಾಗ ಅವಳಿಗೆ ಕಳೆದುಹೋದ ಅಂಗಡಿಯೇ ಮರಳಿ ಸಿಕ್ಕಂತಾಯಿತು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ತಕಾನಿನಿ ಬಡಾವಣೆಯ ತಮ್ಮ ಮನೆಯಲ್ಲಿ, ಮಗಳು ಜೋಯಾ ದಡಬಡ ಮೆಟ್ಟಿಲಿಳಿದು ಬಂದು ಓವನ್ ಆರಿಸಿದಳು.

"ಅಮ್ಮೀ, ಎಷ್ಟೊತ್ತಿಂದ ಬೀಪ್ ಆಗ್ತಿದೆ! ಕಾಂಟ್ ಯೂ ಹಿಯರ್ ಇಟ್?"

"ಏನೋ ಯೋಚನ್ಯಾಗ ಇದ್ದೆ," ಅಂದಳು ಬಿಲ್ಕಿಸ್. ಅವಳು ಓವನ್ನಿನ ಎದುರಿಗೇ ನಿಂತಿದ್ದಳು.

ಅಂದಿನಿಂದ ಎದೆಯೊಳಗೊಂದು ಮುಳ್ಳು. ಒಬ್ಬಳೇ ಇದ್ದಾಗ ಬೆರಳುಗಳನ್ನು ಕಿವಿಯ ಹತ್ತಿರ ಉಜ್ಜಿ ನೋಡುವಳು. ಎಡಗಿವಿಗೆ ಸರಸರ ಎಲ್ಲೋ ದೂರದಲ್ಲೆಂಬಂತೆ ಕೇಳುತ್ತಿತ್ತು, ಬಲಗಿವಿಗೆ ಏನೂ ಇಲ್ಲ. ದಪ್ಪ ದನಿಗಳು ಎಂದಿನಂತೆ ಇದ್ದವು, ಸಣ್ಣ ತೀಕ್ಷ್ಣ ದನಿಗಳು ಮಾತ್ರ ಮಾಯ. ವರ್ಕ್‌ಶಾಪಿನಲ್ಲಿ ಕಿವಿಗಿಂತ ಕಂಪ್ಯೂಟರಿನ ಪರದೆಯ ಮೇಲೆ ದನಿಯ ಏರಿಳಿತ ತೋರಿಸುವ ಗೆರೆಗಳನ್ನೇ ಹೆಚ್ಚು ನಂಬತೊಡಗಿದಳು. ಡಾಕ್ಟರ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಹೋದರೆ ಅವರು ಹೆಸರಿಟ್ಟು ಹೇಳುತ್ತಾರೆ, ಹೇಳಿದ ಮೇಲೆ ಅದು ನಿಜವಾಗಿಬಿಡುತ್ತದೆ.

ಇಂಥ ಹೊತ್ತಿನಲ್ಲೇ ಐಲೀನ್ ಬಂದದ್ದು. ತೊಂಬತ್ತು ದಾಟಿದ ಮುದುಕಿ, ವಾಕರ್ ತಳ್ಳಿಕೊಂಡು ಬಂದು ಒಂದು ದಿಂಬಿನ ಚೀಲವನ್ನು ಮೇಜಿನ ಮೇಲಿಟ್ಟಳು. ಒಳಗೊಂದು ಕಪ್ಪು ಪ್ಲೇಟು.

"ನನ್ನ ತಂದೆ ನುಡಿಸಿದ್ದು," ಅಂದಳು. "ಆರ್ಥರ್ ವೆಲ್ಬಿ. ನೀವು ಹೆಸರು ಕೇಳಿರುವುದಿಲ್ಲ. ಯಾರೂ ಕೇಳಿಲ್ಲ."

ವೆಲ್ಬಿ ಮೂಕಿ ಸಿನಿಮಾಗಳ ಕಾಲದಲ್ಲಿ ಪರದೆಯ ಕೆಳಗೆ ಕೂತು ಪಿಯಾನೋ ನುಡಿಸುತ್ತಿದ್ದವನು. ಲಂಡನ್ನಿಗೆ ಹೋಗಿ ಒಂದೆರಡು ರೆಕಾರ್ಡು ಮಾಡಿ ಬಂದ, ಅವು ಮಾರಾಟವಾಗಲಿಲ್ಲ. ಸಿನಿಮಾಕ್ಕೆ ಮಾತು ಬಂದಿತು, ಅವನ ಕೆಲಸ ಹೋಯಿತು. ಆಕ್ಲೆಂಡಿನಲ್ಲಿ ಪಿಯಾನೋ ಮಾರುವ ಅಂಗಡಿ ಸೇರಿ, ಕೊಳ್ಳಲು ಬಂದವರಿಗೆ ನುಡಿಸಿ ತೋರಿಸುತ್ತಾ ಕಾಲ ಹಾಕಿದ. ತಾನೇ ಕಟ್ಟಿದ ಸಂಗೀತವೊಂದಿತ್ತು, ಮನುಕಾವು ಕೊಲ್ಲಿಯ ನೀರನ್ನು ಕುರಿತದ್ದು. ನೀರು ಹಿಂದೆ ಸರಿಯುವ ಭಾಗ 'ಇಳಿತ', ಏರಿ ಬರುವ ಭಾಗ 'ಭರತ'. ಯುದ್ಧದ ವರ್ಷಗಳಲ್ಲಿ ಗೆಳೆಯನೊಬ್ಬ ತನ್ನ ರೆಕಾರ್ಡಿಂಗ್ ಯಂತ್ರದಲ್ಲಿ ಅದನ್ನು ಈ ಪ್ಲೇಟಿನ ಎರಡು ಬದಿಗೂ ಕೊರೆದುಕೊಟ್ಟ. ಮುಂದೆ ವೆಲ್ಬಿಗೆ ಕೈ ನಡುಕ ಶುರುವಾಯಿತು, ಪಿಯಾನೋ ಮುಚ್ಚಳ ತೆಗೆಯಲೇ ಇಲ್ಲ.

"ಸವೆಯುತ್ತದೆ ಅಂತ ಅಮ್ಮ ಹಾಕಗೊಡುತ್ತಿರಲಿಲ್ಲ," ಅಂದಳು ಐಲೀನ್. "ನಾನು ಕೊನೆಯ ಸಲ ಕೇಳಿದಾಗ ಲಂಗ ಹಾಕುವ ಹುಡುಗಿ."

ಬಿಲ್ಕಿಸ್ ಪ್ಲೇಟನ್ನು ಬೆಳಕಿಗೆ ಹಿಡಿದಳು. ಅಲ್ಯೂಮಿನಿಯಂ ಹಾಳೆಯ ಮೇಲೆ ಕಪ್ಪು ಲೇಪ, ಆ ಲೇಪದಲ್ಲೇ ಸಂಗೀತ. ಲೇಪವೋ ಒಣಗಿದ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಒಂದೇ ಸಲ ಸೂಜಿ ಓಡಿಸಬಹುದು, ಅದೂ ಅದೃಷ್ಟವಿದ್ದರೆ. ಲೇಪ ಏಳುವ ಮುನ್ನ ಚಿಟ್ ಎಂಬ ಸಣ್ಣ ದನಿ ಬರುತ್ತದೆ. ಅದು ಕೇಳಿದ ಕ್ಷಣವೇ ಸೂಜಿ ಎತ್ತಬೇಕು, ಇಲ್ಲವಾದರೆ ಸೂಜಿ ಸಿಪ್ಪೆಯಂತೆ ಅಷ್ಟನ್ನೂ ಸುಲಿದು ಹಾಕುತ್ತದೆ.

"ನಿಮ್ಮ ಕೈ ಇರೋವಾಗ ನಂಗೆ ಭಯ ಇಲ್ಲ ಬಿಲ್ಕಿಸ್ ಅವರೇ," ಅಂದರು ಉದಯಶಂಕರ್.

ಆ ವಾರವೆಲ್ಲ ಅವಳಿಗೆ ಅನ್ನ ಸೇರಲಿಲ್ಲ. ಮೋಟರ್‌ವೇಯಲ್ಲಿ ಕಾರು ಓಡಿಸುವಾಗ ಹೇಳಿಬಿಡಬೇಕು ಅಂದುಕೊಳ್ಳುವಳು, ವರ್ಕ್‌ಶಾಪಿನ ಬಾಗಿಲಿಗೆ ಬಂದೊಡನೆ ನಾಲಿಗೆ ಕಟ್ಟಿಹೋಗುತ್ತಿತ್ತು. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಒಬ್ಬ ಸತ್ತವನ ಉಳಿದೊಂದು ದನಿಯೂ ತನ್ನ ಕೈಯಲ್ಲೇ ಹೋದೀತು.

ನಿಗದಿಯಾದ ದಿನ ಐಲೀನ್ ತಾನೂ ಇರಬೇಕೆಂದು ಹಟ ಹಿಡಿದು ಬಂದು ಕೂತಳು. ಬಿಲ್ಕಿಸ್ ಮನಸ್ಸಿನಲ್ಲೇ ಬಿಸ್ಮಿಲ್ಲಾ ಹೇಳಿ ಮೊದಲ ಬದಿಗೆ ಸೂಜಿ ಇಟ್ಟಳು. ಉದಯಶಂಕರ್ ಹೆಡ್‌ಫೋನ್ ಹಾಕಿ ಕಂಪ್ಯೂಟರಿನ ಮುಂದಿದ್ದರು. ಗೊರಗೊರ ಸದ್ದಿನ ಹಿಂದಿನಿಂದ ಪಿಯಾನೋ ಎದ್ದುಬಂದಿತು, ನೀರು ಕೆಸರನ್ನು ಬಿಟ್ಟು ಹಿಂದೆ ಸರಿಯುವಂಥ ನಿಧಾನದ ದನಿ. ಐಲೀನ್ ಎರಡೂ ಕೈಗಳಿಂದ ವಾಕರನ್ನು ಬಿಗಿಹಿಡಿದಳು. ಬದಿ ಮುಗಿಯಿತು, ಪ್ಲೇಟು ಉಳಿದಿತ್ತು.

"ಕೊನೆ ಹತ್ರ ಚಿಟ್ ಅಂದಿದ್ದು ಕೇಳಿಸ್ತಲ್ಲ?" ಉದಯಶಂಕರ್ ಕನ್ನಡದಲ್ಲಿ ಮೆಲ್ಲಗೆ ಕೇಳಿದರು. "ಯಾಕೆ ಎತ್ತಲಿಲ್ಲ?"

ಬಿಲ್ಕಿಸಳಿಗೆ ಏನೂ ಕೇಳಿಸಿರಲಿಲ್ಲ.

"ಕೇಳಿಸ್ತ್ರೀ ಸರ್. ಮುಗೀಲಿಕ್ಕೆ ಬಂದಿತ್ತಲ್ರಿ, ಅದಕ್ಕ ಬಿಟ್ಟೆ."

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. ಪ್ಲೇಟನ್ನು ಎತ್ತಿ ನೋಡಿದಳು. ಸೂಜಿ ಹಾದುಹೋದ ಕಡೆ, ಲೇಪದ ಒಂದು ಚೂರಿನ ಅಂಚು ಎದ್ದು ನಿಂತಿತ್ತು. ಇನ್ನೊಂದೆರಡು ಸುತ್ತು ಹೆಚ್ಚಿದ್ದರೆ ಅದು ಕಿತ್ತೇ ಬರುತ್ತಿತ್ತು. ಎರಡನೆಯ ಬದಿ ಇದಕ್ಕಿಂತ ಹಾಳಾಗಿತ್ತು. ತಿರುಗಿಸಿ ಇಟ್ಟಳು, ಸೂಜಿಯ ತೋಳಿಗೆ ಕೈ ಹಾಕಿದಳು, ತೆಗೆದಳು.

"ಸರ್, ನಂಗ ಕೇಳಿಸಿಲ್ರಿ. ಚಿಟ್ ಅಂದದ್ದು ಕೇಳೇ ಇಲ್ಲ. ಚಳಿಗಾಲದಿಂದ ಹಿಂಗೇ ಆಗೇತ್ರಿ."

ಉದಯಶಂಕರ್ ಹೆಡ್‌ಫೋನ್ ಕೆಳಗಿಟ್ಟರು. "ಚಳಿಗಾಲದಿಂದ? ಅಲ್ರೀ, ಅಲ್ಲಿಂದ ಎಷ್ಟು ಜನರ ಪ್ಲೇಟು ನೀವು ಮಾಡಿ ಕಳಿಸಿದ್ದೀರಿ! ಒಂದು ಮಾತು ಹೇಳ್ಬಾರ್ದಿತ್ತಾ?"

"ಹೆದರಿಕಿ ಆತ್ರೀ."

ಅವರು ಮುಖ ಆಚೆ ತಿರುಗಿಸಿದರು. ಏನು ನಡೆಯುತ್ತಿದೆ ಎಂದು ಐಲೀನ್ ಕೇಳಿದಳು. ಉದಯಶಂಕರ್ ಏನೋ ತಾಂತ್ರಿಕ ತೊಂದರೆ ಎಂದು ತೇಲಿಸಲು ಹೊರಟರು. ಬಿಲ್ಕಿಸ್ ತಡೆದು, ಇಂಗ್ಲಿಷಿನಲ್ಲಿ ಎಲ್ಲವನ್ನೂ ತಾನೇ ಹೇಳಿದಳು. ಮುದುಕಿ ಬಯ್ಯುತ್ತಾಳೆ, ಪ್ಲೇಟು ಎತ್ತಿಕೊಂಡು ಹೋಗುತ್ತಾಳೆ ಅಂದುಕೊಂಡಿದ್ದಳು.

"ನನಗೆ ಸಿಟ್ಟು ಬಂದಿದೆ," ಅಂದಳು ಐಲೀನ್. "ಆದರೆ ನಾನು ಇನ್ನೆಷ್ಟು ದಿನ ಕಾಯಲಿ? ಇವರು ಕೇಳಲಿ, ನೀನು ಎತ್ತು."

ಹಾಗೇ ಮಾಡಿದರು. ಉದಯಶಂಕರ್ ಹೆಡ್‌ಫೋನ್ ಹಾಕಿ, ಚಿಟ್ ಎಂದೊಡನೆ ಎತ್ತಿ ತೋರಿಸಲು ಬಲಗೈಯನ್ನು ಮೇಜಿನ ಮೇಲಿಟ್ಟು ಕೂತರು. ಬಿಲ್ಕಿಸ್ ಸೂಜಿಯ ತೋಳಿನ ಕೆಳಗೆ ಬೆರಳಿಟ್ಟು, ಅವರ ಕೈಯನ್ನೇ ದಿಟ್ಟಿಸಿದಳು. 'ಭರತ' ಶುರುವಾಯಿತು. ಅವಳು ಸಂಗೀತ ಕೇಳಲಿಲ್ಲ, ರೆಪ್ಪೆ ಮಿಟುಕಿಸಲಿಲ್ಲ. ಅರ್ಧ ದಾಟಿರಬೇಕು, ಅವರ ಕೈ ಸರ್ರನೆ ಮೇಲೆದ್ದಿತು. ಎತ್ತಿದಳು.

ಉಗುರಗಲದ ಲೇಪ ಬಾಯ್ದೆರೆದು ನಿಂತಿತ್ತು. ಸೂಜಿಗೂ ಅದಕ್ಕೂ ನಡುವೆ ಕೂದಲೆಳೆಯ ಅಂತರ. ಅದನ್ನು ಒತ್ತಲು ಹೋದರೆ ಪುಡಿಯಾಗುತ್ತಿತ್ತು. ಆ ತುಣುಕಿನಲ್ಲಿದ್ದ ಸಂಗೀತದ ಆಸೆ ಬಿಟ್ಟು, ಅದರಾಚೆ ಸೂಜಿ ಇಟ್ಟಳು. ಉಳಿದದ್ದು ಕೊನೆಯವರೆಗೂ ಬಂದಿತು. ಕುರ್ಚಿಗೆ ಕುಸಿದು ಕೂತಾಗ ಕುರ್ತಾ ಬೆನ್ನಿಗೆ ಅಂಟಿಕೊಂಡಿತ್ತು.

ನಡುವಿನ ಖಾಲಿ ಜಾಗವನ್ನು ಕಂಪ್ಯೂಟರಿನಲ್ಲಿ ತುಂಬಿಕೊಡಬಹುದು ಎಂದು ಉದಯಶಂಕರ್ ಹೇಳಿದರು. ಐಲೀನ್ ಒಪ್ಪಲಿಲ್ಲ. "ಅಪ್ಪ ನುಡಿಸದೇ ಇದ್ದದ್ದು ನನಗೆ ಬೇಡ."

ಉದಯಶಂಕರ್ ಬಿಲ್ಕಿಸಳನ್ನು ಕೆಲಸದಿಂದ ತೆಗೆಯಲಿಲ್ಲ, ಹಾಗೆಂದು ಸಲೀಸಾಗಿ ಮರೆಯಲೂ ಇಲ್ಲ. ಚಳಿಗಾಲದಿಂದ ಮಾಡಿದ ಎಲ್ಲವನ್ನೂ ಇಬ್ಬರೂ ಕೂತು ಮತ್ತೆ ಪರೀಕ್ಷಿಸಿದರು. ಕೆಲವುಗಳಲ್ಲಿ ತೆಗೆದುಹಾಕಬೇಕಿದ್ದ ಕೀರಲು ದನಿ ಹಾಗೇ ಉಳಿದಿತ್ತು. ಆ ಗಿರಾಕಿಗಳಿಗೆ ಬಿಲ್ಕಿಸಳೇ ಫೋನ್ ಮಾಡಿ ತಪ್ಪೊಪ್ಪಿಕೊಳ್ಳಬೇಕಾಯಿತು. ಜೋಯಾ ಅಮ್ಮನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಬಲಗಿವಿ ಮರಳುವುದಿಲ್ಲ, ಎಡಗಿವಿಯೂ ಮಂದವಾಗುತ್ತಿದೆ, ಆಗಾಗ ನೋಡುತ್ತಿರೋಣ ಎಂದರು ಡಾಕ್ಟರು. 'ನೋಡುತ್ತಿರೋಣ' ಎಂಬ ಮಾತನ್ನು ಬಿಲ್ಕಿಸ್ ಮನೆಯವರೆಗೂ ಬಾಯಲ್ಲಿ ಕಹಿ ಗುಳಿಗೆಯಂತೆ ಇಟ್ಟುಕೊಂಡು ಬಂದಳು.

ವಸಂತದ ಕೊನೆಗೆ, ಐಲೀನ್ ಇರುವ ವೃದ್ಧಾಶ್ರಮದ ಸಭಾಂಗಣದಲ್ಲಿ ವೆಲ್ಬಿಯ ಸಂಗೀತ ಹಾಕಿದರು. ಬಿಲ್ಕಿಸ್ ಮಗಳ ಜೊತೆ ಹಿಂದಿನ ಸಾಲಿನಲ್ಲಿ ಕೂತಳು. 'ಭರತ' ನಡುವಿನ ಆ ಖಾಲಿ ಜಾಗಕ್ಕೆ ಬಂದು ಥಟ್ಟನೆ ನಿಂತಿತು. ಮುಗಿಯಿತೆಂದು ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಐಲೀನ್ ತಿರುಗಿ, ಕೋಪದಿಂದ ಕೈಯೆತ್ತಿ ಸುಮ್ಮನಾಗಿಸಿದಳು.

ಸಭಾಂಗಣ ನಿಶ್ಶಬ್ದವಾಯಿತು. ಮುಂದಿನ ಭಾಗ ಅತಿ ಮೇಲಿನ ಸ್ವರಗಳಲ್ಲಿ, ಪಿಸುಮಾತಿನಷ್ಟು ಮೆತ್ತಗೆ ಶುರುವಾಗುತ್ತದೆಂದು ಪರದೆಯ ಗೆರೆಗಳನ್ನು ನೋಡಿದ್ದ ಬಿಲ್ಕಿಸಳಿಗೆ ಗೊತ್ತಿತ್ತು. ಕಿವಿಗೊಟ್ಟಳು, ಏನೂ ಬರಲಿಲ್ಲ. ಇನ್ನೂ ನಿಂತೇ ಇದೆಯೋ, ತನಗೆ ಮಾತ್ರ ಕೇಳುತ್ತಿಲ್ಲವೋ? ಮಗಳ ತೋಳನ್ನು ಹಿಡಿದಳು.

"ಚಾಲೂ ಆತೇನ?"

"ಶ್... ಯೆಸ್, ಅಮ್ಮೀ."

ಎಡಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು ಅವಳು ಕಾದಳು. ಕೊನೆಗೆ ಕೆಳಗಿನ ಸ್ವರಗಳು ಒಂದೊಂದಾಗಿ ಸೇರಿಕೊಂಡವು, ಅವು ಅವಳಿಗೆ ಕೇಳಿಸಿದವು.